ಹಳೆಯ ಕಂಪ್ಯೂಟರ್ ಕ್ಯಾಬಿನೆಟ್ಟಿನ ಮಾರ್ಪಾಡು ಮತ್ತು ಮರುಬಣ್ಣ: ಅಧ್ಯಯನ ಟಿಪ್ಪಣಿ

ಡೆಸ್ಕ್‌ಟಾಪ್ ಕಂಪ್ಯೂಟರಿನ ಒಳಭಾಗಗಳು ಹಳತಾದರೂ ಅದರ ಕ್ಯಾಬಿನೆಟ್ ಅಷ್ಟು ಬೇಗ ಹಳತಾಗುವುದಿಲ್ಲ. ಇಂಟೆಲ್ ಸಂಸ್ಥೆ 1995ರಲ್ಲಿ ಹೊರತಂದ ಎಟಿಎಕ್ಸ್ ಮಾನದಂಡದಲ್ಲಿ ಗೊತ್ತುಪಡಿಸಿದ ಮದರ್‌ಬೋರ್ಡಿನ ಅಳತೆ, ಅಂದರೆ 305 × 244 ಮಿ.ಮೀ., ಮತ್ತು ಅದರ ಸ್ಕ್ರೂ ರಂಧ್ರಗಳ ಸ್ಥಾನ ಇಂದಿಗೂ ಬಳಕೆಯಲ್ಲಿವೆ. ಆದ್ದರಿಂದ ಆ ಮಾನದಂಡಕ್ಕೆ ಸರಿಯಾಗಿ ಮಾಡಿದ ಹಳೆಯ ಪೆಟ್ಟಿಗೆಯಲ್ಲಿ ಈಗಿನ ಬೋರ್ಡನ್ನು ಕೂರಿಸಬಹುದು. ಆದರೆ ಕೆಲವು ತಯಾರಕರು ತಮ್ಮದೇ ಅಳತೆಯ ಬೋರ್ಡು ಮತ್ತು ವಿದ್ಯುತ್ ಘಟಕವನ್ನು (ಪವರ್ ಸಪ್ಲೈ) ಬಳಸಿರುತ್ತಾರೆ. ಹಾಗಾಗಿ ಬಣ್ಣದ ಡಬ್ಬಿ ತರುವ ಮೊದಲೇ ರಂಧ್ರಗಳ ಸ್ಥಾನ, ಗ್ರಾಫಿಕ್ಸ್ ಕಾರ್ಡಿಗೆ ಸಿಗುವ ಉದ್ದ, ಪ್ರೊಸೆಸರ್ ಕೂಲರಿಗೆ ಸಿಗುವ ಎತ್ತರ, ಈ ಮೂರನ್ನೂ ಅಳೆದು ನೋಡಬೇಕು.

ಕ್ಯಾಬಿನೆಟ್ ಬಿಡಿಭಾಗಗಳನ್ನು ಹಿಡಿದಿಡುತ್ತದೆ, ಗಾಳಿಗೆ ದಾರಿ ಮಾಡಿಕೊಡುತ್ತದೆ. ಜೊತೆಗೆ ಅದು ಕಂಪ್ಯೂಟರಿನ ಅರ್ತಿಂಗ್ ವ್ಯವಸ್ಥೆಯ ಒಂದು ಭಾಗವೂ ಹೌದು. ಬಣ್ಣವಾದರೋ ವಿದ್ಯುತ್ ನಿರೋಧಕ. ಈ ಕಾರಣದಿಂದ ಎಲ್ಲಿ ಬಣ್ಣ ಹಚ್ಚಬೇಕು ಎಂಬುದಕ್ಕಿಂತ ಎಲ್ಲಿ ಹಚ್ಚಬಾರದು ಎಂಬುದನ್ನು ಮೊದಲು ನಿರ್ಧರಿಸುವುದೇ ಸರಿಯಾದ ಆರಂಭ ಎಂಬುದು ನನ್ನ ಅಭಿಪ್ರಾಯ.

ಬಿಚ್ಚುವಾಗ ಪ್ರತಿಯೊಂದು ಹಂತದ ಫೋಟೋ ತೆಗೆದಿಟ್ಟುಕೊಳ್ಳಿ. ಸ್ಕ್ರೂಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ ಇರುತ್ತವೆ: ಹಾರ್ಡ್ ಡಿಸ್ಕ್ ಮತ್ತು ವಿದ್ಯುತ್ ಘಟಕಕ್ಕೆ ಬಳಸುವ, ದಪ್ಪ ಮರೆಯ (ಸುರುಳಿ ಗೆರೆಯ) 6-32 ಸ್ಕ್ರೂ, ಸಿಡಿ ಡ್ರೈವ್ ಮತ್ತು ಎಸ್‌ಎಸ್‌ಡಿಗೆ ಬಳಸುವ, ಸಣ್ಣ ಮರೆಯ ಎಂ3 ಸ್ಕ್ರೂ. ನೋಟಕ್ಕೆ ಒಂದೇ ಎನಿಸುವ ಇವನ್ನು ಅದಲುಬದಲು ಮಾಡಿ ಬಲವಂತವಾಗಿ ತಿರುಗಿಸಿದರೆ ರಂಧ್ರದ ಮರೆಯೇ ಹಾಳಾಗುತ್ತದೆ. ವಿದ್ಯುತ್ ಘಟಕವನ್ನು ಹಾಗೆಯೇ ಹೊರತೆಗೆದು ಪಕ್ಕಕ್ಕಿಡಬೇಕು. ಬಣ್ಣ ಹಚ್ಚುವ ಆಸೆಯಿಂದಲೂ ಅದರ ಹೊದಿಕೆಯನ್ನು ಬಿಚ್ಚಕೂಡದು. ಪ್ಲಗ್ ಕಿತ್ತ ನಂತರವೂ ಅದರೊಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಉಳಿದಿರಬಹುದು. ಡ್ರೈವ್ ಗೂಡನ್ನು ಬಿಗಿದಿರುವ ರಿವೆಟ್‌ಗಳು ಬಹುಮಟ್ಟಿಗೆ 3.2 ಮಿ.ಮೀ. ದಪ್ಪದವು. ಅದೇ ಅಳತೆಯ ಡ್ರಿಲ್ ಬಿಟ್ಟಿನಿಂದ ತಲೆಯ ಭಾಗವನ್ನು ಕೊರೆದರೆ ರಿವೆಟ್ ಕಳಚಿಕೊಳ್ಳುತ್ತದೆ, ತಗಡಿನ ರಂಧ್ರವೂ ದೊಡ್ಡದಾಗುವುದಿಲ್ಲ.

ಕತ್ತರಿಸುವ ಕೆಲಸವೆಲ್ಲ ಬಣ್ಣಕ್ಕೆ ಮೊದಲೇ ಮುಗಿಯಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಹಿಂಬದಿಗೆ 80 ಮಿ.ಮೀ. ಫ್ಯಾನಿಗಷ್ಟೇ ಸ್ಥಳವಿದ್ದು, ಅದರ ಮುಂದೆ ತಗಡಿನಲ್ಲೇ ಸಣ್ಣ ಸಣ್ಣ ತೂತುಗಳ ಜಾಲರಿ ಇರುವುದು ಸಾಮಾನ್ಯ. ಆ ಜಾಲರಿ ಗಾಳಿಯನ್ನು ತಡೆದು ಸದ್ದನ್ನು ಹೆಚ್ಚಿಸುತ್ತದೆ. ಜಾಗವಿದ್ದರೆ 120 ಮಿ.ಮೀ. ಫ್ಯಾನಿಗೆ ರಂಧ್ರ ಮಾಡುವುದು ಲೇಸು. ಅಡ್ಡಳತೆ ಒಂದೂವರೆ ಪಟ್ಟು ಹೆಚ್ಚಿದರೆ ವಿಸ್ತೀರ್ಣ 2.25 ಪಟ್ಟಾಗುವುದರಿಂದ, ದೊಡ್ಡ ಫ್ಯಾನು ಕಡಿಮೆ ವೇಗದಲ್ಲಿ ತಿರುಗಿಯೂ ಅಷ್ಟೇ ಗಾಳಿಯನ್ನು ಸಾಗಿಸಬಲ್ಲದು. 80 ಮಿ.ಮೀ. ಫ್ಯಾನಿನ ಸ್ಕ್ರೂ ರಂಧ್ರಗಳ ನಡುವಿನ ಅಂತರ 71.5 ಮಿ.ಮೀ., 120ರದ್ದು 105 ಮಿ.ಮೀ. ತಗಡಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಗೆರೆ ಎಳೆದು, ಪಂಚಿನಿಂದ ಕೇಂದ್ರಗಳನ್ನು ಗುರುತಿಸಿದರೆ ಡ್ರಿಲ್ ಜಾರುವುದಿಲ್ಲ. ಜಿಗ್ಸಾ ಬಳಸುವವರು ಲೋಹಕ್ಕೆಂದೇ ಇರುವ ಸಣ್ಣ ಹಲ್ಲಿನ ಬ್ಲೇಡನ್ನು ಹಾಕಿ, ತಗಡಿನ ಅಡಿಗೆ ಮರದ ಹಲಗೆಯನ್ನು ಬಿಗಿಯಬೇಕು; ಇಲ್ಲದಿದ್ದರೆ ತೆಳುವಾದ ತಗಡು ಅದುರಿ ಅಂಚು ಸೊಟ್ಟಗಾಗುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ನಯಗೊಳಿಸಿದ ಮೇಲೆ, ಉದುರಿದ ಲೋಹದ ಪುಡಿಯನ್ನು ಆಯಸ್ಕಾಂತ ಮತ್ತು ಬ್ರಷ್ಷಿನಿಂದ ಮೂಲೆಮೂಲೆಯಿಂದ ತೆಗೆಯಬೇಕು. ಮಡಿಕೆಯೊಂದರಲ್ಲಿ ಸಿಕ್ಕಿಕೊಂಡ ಉಕ್ಕಿನ ಒಂದು ಸಣ್ಣ ಎಳೆ ಮುಂದೊಂದು ದಿನ ಮದರ್‌ಬೋರ್ಡಿನ ಮೇಲೆ ಬಿದ್ದು ಶಾರ್ಟ್ ಸರ್ಕ್ಯೂಟ್ ಮಾಡಬಲ್ಲದು.

ಬಣ್ಣದ ಬಾಳಿಕೆಯನ್ನು ನಿರ್ಧರಿಸುವುದು ಬಣ್ಣಕ್ಕಿಂತ ಹೆಚ್ಚಾಗಿ ಅದರ ಕೆಳಗಿನ ಮೇಲ್ಮೈ. ಹೆಚ್ಚಿನ ಕ್ಯಾಬಿನೆಟ್‌ಗಳ ಚೌಕಟ್ಟು ವಿದ್ಯುಲ್ಲೇಪನದಿಂದ ಸತುವಿನ ತೆಳು ಪದರ ಪಡೆದ ಉಕ್ಕಿನ ತಗಡು. ಒಳಭಾಗ ಬೂದು ಬಣ್ಣವಾಗಿ ಕಾಣುವುದು ಈ ಸತುವಿನಿಂದಲೇ. ಉಕ್ಕು ತುಕ್ಕು ಹಿಡಿಯದಂತೆ ತಡೆಯುವ ಈ ಪದರವನ್ನು ಒರಟು ಸ್ಯಾಂಡ್‌ಪೇಪರಿನಿಂದ ಪೂರ್ತಿ ಕೆರೆದು ಹಾಕುವುದು ತಪ್ಪು. ಹಾಗೆಂದು ನುಣ್ಣನೆಯ ಸತುವಿನ ಮೇಲೆ ನೇರವಾಗಿ ಸಾಧಾರಣ ಎನಾಮಲ್ ಹೊಡೆಯುವುದೂ ತಪ್ಪು. ಆಲ್ಕಿಡ್ ಎಂಬ ರಾಳದ ಆಧಾರದ ಎನಾಮಲ್ ಸತುವಿನೊಂದಿಗೆ ನಿಧಾನವಾಗಿ ವರ್ತಿಸಿ, ಎರಡರ ನಡುವೆ ಸಾಬೂನಿನಂಥ ಪದರ ಉಂಟಾಗಿ, ಕಾಲಾನಂತರದಲ್ಲಿ ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಸತುವಿಗೆ ಒಗ್ಗುವ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ತುಸು ಕೊರೆದು ಹಿಡಿಯುವ ತಳಬಣ್ಣ, ಅಥವಾ ಎಪಾಕ್ಸಿ ಪ್ರೈಮರ್ ಇದಕ್ಕೆ ಪರಿಹಾರ. ಹೊರಗಿನ ಹಳೆಯ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಪೂರ್ತಿ ಕಿತ್ತುಹಾಕುವ ಅಗತ್ಯವೇ ಇಲ್ಲ. 320 ಗ್ರಿಟ್ (ಅಂಕಿ ಹೆಚ್ಚಿದಷ್ಟೂ ನುಣುಪು) ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವವರೆಗೆ ಉಜ್ಜಿ, ಅದನ್ನೇ ತಳಹದಿಯಾಗಿ ಉಳಿಸಿಕೊಳ್ಳಬಹುದು. ತುಕ್ಕು ಕಂಡಲ್ಲಿ ಮಾತ್ರ ಲೋಹದವರೆಗೂ ಹೋಗಬೇಕು. ಉಜ್ಜುವ ಮೊದಲೇ ಸೋಪಿನ ನೀರಿನಿಂದ ತೊಳೆದು ಜಿಡ್ಡನ್ನು ತೆಗೆಯದಿದ್ದರೆ, ಉಜ್ಜುವಿಕೆಯು ಆ ಜಿಡ್ಡನ್ನು ಗೀರುಗಳೊಳಕ್ಕೆ ಇನ್ನಷ್ಟು ತುಂಬುತ್ತದೆ.

ಮುಂಭಾಗದ ಫಲಕದ ವಿಷಯ ಬೇರೆ. ಅದು ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್. ಅಸಿಟೋನ್ ಮತ್ತು ತೀವ್ರವಾದ ಥಿನ್ನರುಗಳು ಅದನ್ನು ಕರಗಿಸುವುದರಿಂದ, ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ನಂತರ 600 ಗ್ರಿಟ್‌ನಿಂದ ಹಗುರವಾಗಿ ಉಜ್ಜಿ ಪ್ಲಾಸ್ಟಿಕ್ ಪ್ರೈಮರ್ ಹೊಡೆಯಬೇಕು.

ಸ್ಪ್ರೇ ಮಾಡುವ ಕೌಶಲವೆಲ್ಲ ಇರುವುದು ಕೈಯ ಚಲನೆಯಲ್ಲಿ. ಡಬ್ಬಿಯನ್ನು 20ರಿಂದ 30 ಸೆಂ.ಮೀ. ದೂರದಲ್ಲಿ ಹಿಡಿದು, ತಗಡಿನ ಅಂಚಿನ ಹೊರಗೇ ಗುಂಡಿ ಒತ್ತಿ, ಒಂದೇ ವೇಗದಲ್ಲಿ ಸಾಗಿ ಎದುರು ಬದಿಯ ಅಂಚನ್ನು ದಾಟಿದ ಮೇಲೆಯೇ ಬಿಡಬೇಕು. ಮುಂದಿನ ಪಟ್ಟಿ ಹಿಂದಿನದರ ಅರ್ಧವನ್ನು ಮುಚ್ಚಬೇಕು. ಮಣಿಕಟ್ಟನ್ನು ತಿರುಗಿಸದೆ ಇಡೀ ತೋಳನ್ನು ಚಲಿಸಿದರೆ ಮಾತ್ರ ದೂರ ಒಂದೇ ಸಮನಾಗಿ ಉಳಿಯುತ್ತದೆ. ಮೊದಲ ಪದರ ಕೆಳಗಿನದನ್ನು ಪೂರ್ತಿ ಮುಚ್ಚಲಿಲ್ಲವೆಂದು ಅಲ್ಲೇ ನಿಂತು ಇನ್ನಷ್ಟು ಹೊಡೆದರೆ ಬಣ್ಣ ಸೋರಿ ಇಳಿಯುತ್ತದೆ. ತೀರಾ ದೂರದಿಂದ ಹೊಡೆದರೆ ಹನಿಗಳು ಗಾಳಿಯಲ್ಲೇ ಅರೆ ಒಣಗಿ ಮೇಲ್ಮೈ ಒರಟಾಗುತ್ತದೆ. ತೇವಾಂಶ ಹೆಚ್ಚಿರುವ ದಿನ ಲ್ಯಾಕರ್ ಬಣ್ಣದ ಮೇಲೆ ಬಿಳಿ ಮಬ್ಬು ಕವಿಯುವುದುಂಟು, ಅಂಥ ದಿನ ಕೆಲಸವನ್ನು ಮುಂದೂಡುವುದೇ ಮೇಲು. ಗಾಳಿಯಾಡುವ ಜಾಗ, ಹತ್ತಿರದಲ್ಲಿ ಬೆಂಕಿ ಅಥವಾ ಕಿಡಿ ಇಲ್ಲದಿರುವುದು, ಸಾವಯವ ಆವಿಯನ್ನು ಹೀರುವ ಫಿಲ್ಟರ್ ಇರುವ ಮಾಸ್ಕ್, ಇವು ಬೇಕೇ ಬೇಕು. ಬಟ್ಟೆಯ ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಗಟ್ಟಿಕಾರಕ ಬೆರೆಸುವ ಎರಡು ಘಟಕಗಳ ಕ್ಲಿಯರ್ ಕೋಟ್‌ಗಳಲ್ಲಿ (ಬಣ್ಣದ ಮೇಲಿನ ಪಾರದರ್ಶಕ ಪದರ) ಉಸಿರಾಟಕ್ಕೆ ಹಾನಿಕರವಾದ ಐಸೊಸಯನೇಟ್ ಇರುವುದರಿಂದ ಕಲಿಯುವವರು ಅವುಗಳನ್ನು ಬಿಟ್ಟು, ಒಂದೇ ಘಟಕದ ಬಗೆಯನ್ನು ಬಳಸುವುದು ಒಳಿತು.

ಪ್ರೈಮರಿಗೂ ಮೊದಲು ಟೇಪಿನಿಂದ ಮುಚ್ಚಬೇಕಾದ ಜಾಗಗಳೆಂದರೆ ವಿದ್ಯುತ್ ಘಟಕ ಕೂರುವ ಹಿಂಬದಿಯ ಚೌಕಟ್ಟು ಮತ್ತು ಅದರ ಸ್ಕ್ರೂ ರಂಧ್ರಗಳ ಸುತ್ತಲಿನ ಉಂಗುರ, ಮದರ್‌ಬೋರ್ಡಿನ ಹಿತ್ತಾಳೆ ಕಾಲುಗಳು ಕೂರುವ ಸ್ಥಾನ, ಹಿಂಬದಿಯ ಪೋರ್ಟ್ ತಗಡು ಒತ್ತಿಕೊಳ್ಳುವ ಕಿಂಡಿಯ ಅಂಚು, ಕಾರ್ಡುಗಳ ಸ್ಕ್ರೂ ಬೀಳುವ ಪಟ್ಟಿ, ಪಕ್ಕದ ಬಾಗಿಲುಗಳು ಚೌಕಟ್ಟನ್ನು ಮುಟ್ಟುವ ಸ್ಪ್ರಿಂಗ್ ನಾಲಿಗೆಗಳು. ಟೇಪನ್ನು ಕೊನೆಯ ಪದರ ಗಟ್ಟಿಯಾಗುವ ಮೊದಲೇ ಓರೆಯಾಗಿ ಎಳೆದರೆ ಅಂಚು ಚೊಕ್ಕಟವಾಗಿ ಬರುತ್ತದೆ.

ಕೈಗೆ ಅಂಟದಷ್ಟು ಒಣಗುವುದಕ್ಕೂ ಪೂರ್ತಿ ಗಟ್ಟಿಯಾಗುವುದಕ್ಕೂ ಬಹಳ ಅಂತರವಿದೆ. ಮೊದಲನೆಯದಕ್ಕೆ ಅರ್ಧ ಗಂಟೆ ಸಾಕಾಗಬಹುದು, ಎರಡನೆಯದಕ್ಕೆ ದಿನಗಳು, ಕೆಲವು ಎನಾಮಲ್‌ಗಳಿಗೆ ವಾರಗಳೇ ಬೇಕು. ಅವಸರದಲ್ಲಿ ಸ್ಕ್ರೂ ಬಿಗಿದರೆ ಅದರ ತಲೆಯ ಅಡಿಯಲ್ಲಿ ಬಣ್ಣ ಸುಕ್ಕುಗಟ್ಟಿ ತಿರುಚಿಕೊಳ್ಳುತ್ತದೆ.

ಜೋಡಣೆಯಾದ ಮೇಲೆ, ವಿದ್ಯುತ್ ತಂತಿಯನ್ನು ಇನ್ನೂ ಸಿಕ್ಕಿಸದೆ, ಮಲ್ಟಿಮೀಟರಿನ ಒಂದು ತುದಿಯನ್ನು ವಿದ್ಯುತ್ ಘಟಕದ ಸಾಕೆಟ್ಟಿನ ಅರ್ತ್ ಪಿನ್ನಿಗೂ ಇನ್ನೊಂದನ್ನು ಚೌಕಟ್ಟಿನ ಬಣ್ಣವಿಲ್ಲದ ಲೋಹಕ್ಕೂ ಮುಟ್ಟಿಸಿ ನೋಡಿ. ಓದಿಕೆ 1 ಓಮ್‌ಗಿಂತ ಕಡಿಮೆ ಇರಬೇಕು. ಅದೇ ಪರೀಕ್ಷೆಯನ್ನು ಎರಡೂ ಬಾಗಿಲುಗಳ ಒಳಮೈಯ ಬರಿ ಲೋಹದ ಮೇಲೂ ಮಾಡಬೇಕು. ಹೆಚ್ಚು ತೋರಿಸಿದರೆ ಸ್ಕ್ರೂ ಬಿಚ್ಚಿ, ಅದರ ತಲೆ ಒತ್ತುವ ಜಾಗದಲ್ಲಿ ಉಳಿದ ಬಣ್ಣವನ್ನು ಕೆರೆದು, ಮತ್ತೆ ಬಿಗಿದು ಅಳೆಯಬೇಕು. ಓದಿಕೆ ಸರಿಯಾಗುವ ತನಕ ಯಂತ್ರವನ್ನು ಚಾಲೂ ಮಾಡಕೂಡದು.