ಸಂಜೆ ಆರರ ಕಾಯಿಲೆ, ಬೆಳಿಗ್ಗೆ ಹತ್ತರ ಓಪಿಡಿ

ಮೂಡಿಗೆರೆ ಕಡೆಯ ಕಾಫಿ ತೋಟದಿಂದ ಚಿಕ್ಕಮಗಳೂರಿಗೆ ಬಂದಿದ್ದ ಹೆಣ್ಣುಮಗಳು. ವಯಸ್ಸು ಮೂವತ್ತರ ಆಸುಪಾಸು. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರ ತುಂಬ ರಿಪೋರ್ಟು. ರಕ್ತ, ಶುಗರ್, ಥೈರಾಯ್ಡ್, ಇಸಿಜಿ, ಹೊಟ್ಟೆ ಸ್ಕ್ಯಾನಿಂಗ್, ಎಲ್ಲಾ ನಾರ್ಮಲ್. "ತುಂಬಾ ಸುಸ್ತು ಸಾರ್, ಏನೂ ಮಾಡಕ್ಕಾಗಲ್ಲ" ಅಂದರು. "ಎಲ್ಲಾ ಡಾಕ್ಟ್ರೂ ಟೆನ್ಶನ್ ಅಂತಾರೆ" ಅಂದರು ಗಂಡ. ನಾನೂ ಪರೀಕ್ಷೆ ಮಾಡಿದೆ. ಏನೂ ಸಿಗಲಿಲ್ಲ. ವಿಟಮಿನ್ ಮಾತ್ರೆ ಬರೆದು ಕಳಿಸಿದೆ.

ಮೂರು ವಾರ ಬಿಟ್ಟು ಮತ್ತೆ ಬಂದರು. ಈ ಸಲ ಸುಸ್ತು ಅನ್ನಲೇ ಇಲ್ಲ. "ಸಾರ್, ಅರ್ಧ ಅಕ್ಕಿರೊಟ್ಟಿ ತಿನ್ನೋಷ್ಟರಲ್ಲಿ ದವಡೆ ಸೋತುಹೋಗುತ್ತೆ. ಗಲ್ಲ ಕೈಯಲ್ಲಿ ಹಿಡ್ಕೊಂಡು ಅಗೀಬೇಕು." ಆಮೇಲೆ ಮೊಬೈಲ್ ತೆಗೆದು ಒಂದೇ ದಿನದ ಎರಡು ಫೋಟೋ ತೋರಿಸಿದರು. ಬೆಳಗಿನದರಲ್ಲಿ ಮುಖ ಸರಿಯಾಗಿತ್ತು. ದೀಪ ಹಚ್ಚೋ ಹೊತ್ತಿಗೆ ತೆಗೆದದ್ದರಲ್ಲಿ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು.

ಸಂಜೆ ಆರೂವರೆಗೆ ಬರಲು ಹೇಳಿದೆ. ಕೂರಿಸಿ, ತಲೆ ಎತ್ತದೆ ಬರೀ ಕಣ್ಣಲ್ಲಿ ಮೇಲೆ ನೋಡ್ತಾ ಇರಿ ಅಂದೆ. ಒಂದು ನಿಮಿಷ ತುಂಬುವ ಮೊದಲೇ ರೆಪ್ಪೆ ಜಾರಿತು. ಬಟ್ಟೆಯಲ್ಲಿ ಐಸ್ ಸುತ್ತಿ ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟೆ. ತೆಗೆದಾಗ ಕಣ್ಣು ಸಲೀಸಾಗಿ ಬಿಟ್ಟುಕೊಂಡಿತು. ಗಂಡ ಬಗ್ಗಿ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

ಈ ಕಾಯಿಲೆಯ ಹೆಸರು ಮೈಯಸ್ತೇನಿಯಾ ಗ್ರೇವಿಸ್. ನರ ಸ್ನಾಯುವಿಗೆ ಸಂದೇಶ ಕೊಡುವ ಜಾಗವನ್ನು ರೋಗಾಣುಗಳ ಮೇಲೆ ಹೋರಾಡಬೇಕಾದ ನಮ್ಮದೇ ದೇಹದ ಆಂಟಿಬಾಡಿಗಳು ಕೆಡಿಸುತ್ತವೆ. ಬಳಸಿದಷ್ಟೂ ಸ್ನಾಯು ಸೋಲುತ್ತದೆ, ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತದೆ. ರಾತ್ರಿಯೆಲ್ಲ ಮಲಗಿ ಎದ್ದವರನ್ನು ಬೆಳಿಗ್ಗೆ ಹತ್ತಕ್ಕೆ ನೋಡಿದರೆ ಏನು ಕಾಣಿಸುತ್ತೆ ಹೇಳಿ? ಅವರು ತಂದ ಅಷ್ಟೂ ರಿಪೋರ್ಟಿನಲ್ಲಿ ಈ ಕಾಯಿಲೆ ಹುಡುಕುವ ಪರೀಕ್ಷೆ ಒಂದೂ ಇರಲಿಲ್ಲ. ಅದಕ್ಕೆ ಬೇರೆ ಆಂಟಿಬಾಡಿ ಪರೀಕ್ಷೆ ಬೇಕು. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇದೆಯಾ ಅಂತ ಸಿಟಿ ಸ್ಕ್ಯಾನ್ ಮಾಡಬೇಕು. ಕಾಯಿಲೆ ಜಾಸ್ತಿಯಾದರೆ ನುಂಗುವ, ಉಸಿರಾಡುವ ಸ್ನಾಯುಗಳಿಗೂ ತಟ್ಟುತ್ತದೆ, ಆಗ ಜೀವಕ್ಕೇ ಅಪಾಯ. ಒಳ್ಳೆಯ ಮಾತ್ರೆಗಳಿವೆ, ಆದರೆ ಮೊದಲು ಕಾಯಿಲೆ ಗೊತ್ತಾಗಬೇಕಲ್ವಾ?

ಮೊದಲ ಸಲ ನಾನೇ ತಪ್ಪಿದೆ. ಸುಸ್ತು ಅನ್ನೋ ಮಾತು ದಿನಕ್ಕೆ ಎಷ್ಟೋ ಸಲ ಕಿವಿಗೆ ಬೀಳುತ್ತೆ, ಬಿದ್ದು ಹಾಗೇ ಜಾರಿಹೋಗುತ್ತೆ. ಏನು ಮಾಡುವಾಗ, ಎಷ್ಟು ಹೊತ್ತಿಗೆ ಅಂತ ಕೇಳಬೇಕಾದವನು ನಾನು. ಆದರೆ ಹೊರಗೆ ಚೀಟಿ ಹಿಡಿದು ಸಾಲು ನಿಂತಿರುವಾಗ ಎಲ್ಲಾ ಡಾಕ್ಟರೂ ಕೇಳುವುದಿಲ್ಲ. ಹಾಗಾಗಿ ನೀವೇ ಹೇಳಿಬಿಡಿ. "ಮೊದಲು ಒಂದೇ ಉಸಿರಿಗೆ ದಿಣ್ಣೆ ಹತ್ತುತ್ತಿದ್ದೆ, ಈಗ ಮೂರು ಕಡೆ ಕೂರಬೇಕು" ಅನ್ನಿ. ಯಾವಾಗ ಶುರುವಾಯ್ತು, ಏನು ಮಾಡಿದರೆ ಜಾಸ್ತಿ, ಏನು ಮಾಡಿದರೆ ಕಡಿಮೆ ಅಂತ ಅರ್ಧ ಹಾಳೆಯಲ್ಲಿ ಬರೆದು ತನ್ನಿ. ಬಂದು ಹೋಗುವ ಊತ, ಗಂದೆ, ನಡುಕ ಏನೇ ಇರಲಿ, ಬಂದಾಗಲೇ ಫೋಟೋ, ವಿಡಿಯೋ ತೆಗೆದಿಡಿ.

ನೀವು ಮಾಡುವ ಕೆಲಸ ಏನು ಅಂತಲೂ ಹೇಳಿ. ನಮ್ಮ ಕಡೆ ಇದು ಮುಖ್ಯ. ವಾರಗಟ್ಟಲೆ ಬಂದು ಹೋಗುವ ಜ್ವರ, ಬೆವರು, ಸೊಂಟನೋವು ಇರುವವರು ದನ ಸಾಕಿದ್ದೇವೆ, ಹಸು ಕಂದು ಹಾಕಿತ್ತು, ಹಸಿ ಹಾಲು ಕುಡಿದಿದ್ದೆವು ಅಂದರೆ ಬ್ರುಸೆಲ್ಲಾ ಸೋಂಕಿನ ಯೋಚನೆ ಬರುತ್ತೆ. ಹೇಳದಿದ್ದರೆ ಅದು ಹೊಳೆಯುವುದೇ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ಸಂಕಟ ಜಾಸ್ತಿ. ಮುಟ್ಟಿನ ದಿನ ನೆಲದ ಮೇಲೆ ಹೊರಳಾಡುವಷ್ಟು ನೋವಿದ್ದರೂ, ಸ್ಕ್ಯಾನಿಂಗ್ ನಾರ್ಮಲ್ ಬಂತು ಅಂತ "ಎಲ್ಲರಿಗೂ ಇದ್ದದ್ದೇ" ಅಂದುಬಿಡುತ್ತಾರೆ. ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ ಬೆಳೆದು ನೋವು ಕೊಡುವ ಕಾಯಿಲೆ ಎಂಡೊಮೆಟ್ರಿಯೋಸಿಸ್. ಅದು ಎಷ್ಟೋ ಸಲ ಮಾಮೂಲಿ ಸ್ಕ್ಯಾನಿಂಗಿನಲ್ಲಿ ಕಾಣುವುದೇ ಇಲ್ಲ.

ಟೆನ್ಶನ್ನಿಂದ ಮೈ ನೋಯುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನೋಯುತ್ತೆ, ಅದೂ ನಿಜವಾದ ನೋವೇ, ಅದಕ್ಕೂ ಚಿಕಿತ್ಸೆ ಇದೆ. ಆದರೆ ರಿಪೋರ್ಟ್ ನಾರ್ಮಲ್ ಬಂತು ಅನ್ನೋ ಒಂದೇ ಕಾರಣಕ್ಕೆ ಟೆನ್ಶನ್ ಅನ್ನುವುದು ಸರಿಯಲ್ಲ. ಆಗ ಜಗಳ ಬೇಡ, ಎರಡೇ ಪ್ರಶ್ನೆ ಕೇಳಿ: "ಸಾರ್, ಈ ರಿಪೋರ್ಟಿಂದ ಯಾವ ಯಾವ ಕಾಯಿಲೆ ಇಲ್ಲ ಅಂತಾಯ್ತು? ಎಷ್ಟು ದಿನದಲ್ಲಿ ಕಡಿಮೆಯಾಗದಿದ್ದರೆ ಮತ್ತೆ ಬರಲಿ?" ಎರಡನೆಯದಕ್ಕೆ ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಸಾಧ್ಯವಾದರೆ ಅದೇ ಡಾಕ್ಟರ ಹತ್ತಿರ ವಾಪಸ್ ಹೋಗಿ. ಹೊಸ ಡಾಕ್ಟರಿಗೆ ಎಲ್ಲವೂ ಮೊದಲಿನಿಂದ ಶುರು, ಮೊದಲನೆಯವರಿಗೆ ತಾವು ಕೊಟ್ಟ ಮಾತ್ರೆ ನಾಟಲಿಲ್ಲ ಅನ್ನೋದೇ ಗೊತ್ತಾಗುವುದಿಲ್ಲ. ಎರಡು ಸಲ ಹೋದರೂ ಕಿವಿಗೆ ಹಾಕಿಕೊಳ್ಳದಿದ್ದರೆ ಮಾತ್ರ ಬೇರೆಯವರನ್ನು ನೋಡಿ.

ಮತ್ತೆ, ಫೋಟೋ ಇದ್ದರೆ ಕೊನೆಗೆ ತೋರಿಸೋಣ ಅಂತ ಕಾಯಬೇಡಿ. ಕೂತ ತಕ್ಷಣ ತೋರಿಸಿ.