36 ವೋಲ್ಟ್ ಬಗ್ಗಿಗೆ 48 ವೋಲ್ಟ್ ಹಾಕಬಹುದಾ?

ಪ್ರಶ್ನೆ: ನಾನು ಅಂಕೋಲಾದವನು. ದಕ್ಷಿಣ ಗೋವಾದ ಒಂದು ರೆಸಾರ್ಟ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಒಂದು ಹಳೇ ಗಾಲ್ಫ್ ಕಾರ್ಟ್ ಇದೆ, ಎಲ್ಲರೂ ಬಗ್ಗಿ ಅಂತಾರೆ. 6 ವೋಲ್ಟಿನ ಆರು ಬ್ಯಾಟರಿ, ಒಟ್ಟು 36 ವೋಲ್ಟ್. ಗೆಸ್ಟ್‌ಗಳ ಜೊತೆ ಲಗೇಜ್ ಹೇರಿದರೆ ಬೀಚ್ ಕಡೆಯಿಂದ ರಿಸೆಪ್ಶನ್ ಏರು ಹತ್ತುವುದೇ ಇಲ್ಲ. 8 ವೋಲ್ಟಿನ ಬ್ಯಾಟರಿ ಕೂರಿಸಿ 48 ಮಾಡಿದರೆ ಸರಿಹೋಗುತ್ತಾ?

ಉತ್ತರ: ಹೋದರೂ ಹೋಗಬಹುದು. ಆದರೆ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು, ಈಗಿರುವ 36 ವೋಲ್ಟ್ ಮೋಟಾರ್‌ವರೆಗೆ ತಲುಪುತ್ತಿದೆಯಾ ನೋಡಿ. ಸಮುದ್ರದ ಪಕ್ಕ ಓಡಾಡುವ ಹಳೇ ಬಗ್ಗಿಯಲ್ಲಿ ನನಗೆ ಮೊದಲು ಅನುಮಾನ ಬರುವುದು ಅದರ ಮೇಲೆಯೇ.

ಸೀಟ್ ಎತ್ತಿ ಬ್ಯಾಟರಿ ಟರ್ಮಿನಲ್‌ಗಳನ್ನು ನೋಡಿ. ಲಗ್ (ಕೇಬಲ್ ತುದಿಗೆ ಒತ್ತಿದ ಲೋಹದ ಕಿವಿ) ಸುತ್ತ ಹಸಿರು ಕಿಲುಬು ಕಾಣುತ್ತಾ? ಕೇಬಲ್ ತುದಿಯ ಪ್ಲಾಸ್ಟಿಕ್ ಒತ್ತಿದರೆ ಗಟ್ಟಿಯಾಗಿ, ಸೀಳು ಬಿಟ್ಟಿದೆಯಾ? ಉಪ್ಪು ಗಾಳಿ ತಾಮ್ರದ ಎಳೆಗಳ ಒಳಗೇ ಇಳಿದಿರುತ್ತೆ, ಹೊರಗಿನಿಂದ ಎಷ್ಟು ಉಜ್ಜಿದರೂ ಹೋಗಲ್ಲ. ಇನ್ನು ಮಲ್ಟಿಮೀಟರ್ ತೆಗೆದುಕೊಳ್ಳಿ. ಒಬ್ಬರು ಲೋಡ್ ಸಮೇತ ಏರು ಹತ್ತಿಸಲಿ, ನೀವು ಪಕ್ಕದ ಸೀಟಲ್ಲಿ ಕೂತು ಉದ್ದ ವೈರ್ ಹಾಕಿ ಅಳೆಯಿರಿ. ಒಂದು ಪ್ರೋಬ್ ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದು ಆ ಕೇಬಲ್ಲಿನ ಆಚೆ ತುದಿಯ ಕಂಬಕ್ಕೆ. 0.1 ವೋಲ್ಟ್ ಆಸುಪಾಸು ಬಂದರೆ ಪರವಾಗಿಲ್ಲ. ಅರ್ಧ ವೋಲ್ಟ್ ಬಂದರೆ ಕಳ್ಳ ಸಿಕ್ಕಿದ ಹಾಗೆ: 150 ಆಂಪಿಯರ್ ಹರಿಯುವಾಗ ಅಲ್ಲೇ 75 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತಿದೆ. ಇಂಥ ಜಾಯಿಂಟ್ ನಾಲ್ಕಾರು ಇದ್ದರೆ ಏರು ಹತ್ತುವುದೆಲ್ಲಿಂದ?

ಸೊಲೆನಾಯ್ಡ್ ಅಂದರೆ ಬ್ಯಾಟರಿ ಕರೆಂಟನ್ನು ಮೋಟಾರ್ ಕಡೆ ಬಿಡುವ ದೊಡ್ಡ ಸ್ವಿಚ್. ಅದರ ಎರಡು ದೊಡ್ಡ ಬೋಲ್ಟುಗಳ ನಡುವೆಯೂ ಹೀಗೇ ಅಳೆಯಿರಿ. ಗಾಡಿ ಓಡುವಾಗ ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಆಮೇಲೆ ಒಂದೊಂದೇ ಬ್ಯಾಟರಿ. ಲೋಡ್‌ನಲ್ಲಿ ಐದು ಬ್ಯಾಟರಿ 5.8ರ ಹತ್ತಿರ ನಿಂತು ಆರನೆಯದು 5ಕ್ಕಿಂತ ಕೆಳಗೆ ಬಿದ್ದರೆ ಅದೇ ನಿಮ್ಮ ರೋಗ. ಹೆಡ್‌ಲೈಟ್, ಹಾರ್ನ್‌ಗೆ ಯಾರೋ ಎರಡು ಬ್ಯಾಟರಿಯಿಂದ ಮಾತ್ರ 12 ವೋಲ್ಟ್ ಎಳೆದಿದ್ದಾರಾ ಅಂತಲೂ ನೋಡಿ. ಹಳೇ ಗಾಡಿಗಳಲ್ಲಿ ಇದು ಮಾಮೂಲು. ಆ ಎರಡೇ ಮೊದಲು ಸಾಯುತ್ತವೆ. ಇಡೀ ಪ್ಯಾಕಿನಿಂದ 12 ವೋಲ್ಟ್ ಕೊಡುವ ಡಿಸಿ ಕನ್ವರ್ಟರ್ ಹಾಕಿಬಿಡಿ.

ಕೇಬಲ್ ಬದಲಿಸುವಾಗ 35 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್ ಕೇಳಿ. ತಾಮ್ರದ್ದೇ ಬೇಕು ಅಂತ ಒತ್ತಿ ಹೇಳಿ, ಅಲ್ಯೂಮಿನಿಯಂದೂ ಮಾರುತ್ತಾರೆ. ತವರ ಲೇಪದ ಲಗ್ ತಂದು ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿಸಿ, ಮೇಲೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಹಾಕಿ. ಸುತ್ತಿಗೆಯಲ್ಲಿ ಜಜ್ಜಿದ ಲಗ್ ಒಂದು ಮಳೆಗಾಲ ದಾಟಿದರೆ ಹೆಚ್ಚು. ಕೆಲಸಕ್ಕೆ ಮೊದಲು ಉಂಗುರ, ವಾಚ್ ತೆಗೆದಿಡಿ, ಮೇನ್ ನೆಗೆಟಿವ್ ಬಿಚ್ಚಿ, ಸ್ಪ್ಯಾನರ್ ಹಿಡಿಗೆ ಟೇಪ್ ಸುತ್ತಿ.

ಈಗ 48ರ ವಿಷಯ. ಮೋಟಾರಿನ ನಾಲ್ಕು ಟರ್ಮಿನಲ್ ನೋಡಿ. ನಾಲ್ಕೂ ಒಂದೇ ದಪ್ಪ ಇದ್ದರೆ ಬಹುಶಃ ಸೀರೀಸ್ ಮೋಟಾರ್, ಅಂದರೆ ಒಳಗಿನ ಎರಡೂ ಕಾಯಿಲ್‌ಗಳಲ್ಲಿ ಒಂದೇ ಕರೆಂಟ್ ಹರಿಯುವಂಥದ್ದು. ಎರಡು ಸಣ್ಣಗಿದ್ದು ಎಫ್1, ಎಫ್2 ಅಂತ ಬರೆದಿದ್ದರೆ ಸೆಪೆಕ್ಸ್, ಅಂದರೆ ಒಂದು ಕಾಯಿಲ್‌ಗೆ ಬೇರೆಯಾಗಿ ಕರೆಂಟ್ ಕೊಡುವಂಥದ್ದು. ಸೀರೀಸ್ ಮೋಟಾರ್ ಸಾಮಾನ್ಯವಾಗಿ 48 ವೋಲ್ಟ್ ತಾಳಿಕೊಳ್ಳುತ್ತೆ. ಸೆಪೆಕ್ಸ್‌ಗೆ ಆ ಮೋಟಾರಿಗೇ ಹೊಂದಿಸಿದ ಕಂಟ್ರೋಲರ್ (ಮೋಟಾರಿಗೆ ಎಷ್ಟು ಕರೆಂಟ್ ಅಂತ ನಿಯಂತ್ರಿಸುವ ಪೆಟ್ಟಿಗೆ) ಬೇಕು, ಸಿಕ್ಕಿದ್ದನ್ನು ಜೋಡಿಸುವ ಹಾಗಿಲ್ಲ. ಎರಡರಲ್ಲೂ ಕಂಟ್ರೋಲರ್ ಮೇಲೆ 36/48 ಎಂದು ಬರೆದಿರಬೇಕು, ಸೊಲೆನಾಯ್ಡ್ ಕಾಯಿಲ್ 48ರದ್ದಾಗಬೇಕು, ಚಾರ್ಜರ್ ಹೊಸದು ಬೇಕು. ಸೊಲೆನಾಯ್ಡ್ ಮೇಲಿನ ಪ್ರೀಚಾರ್ಜ್ ರೆಸಿಸ್ಟರ್ (ಕಂಟ್ರೋಲರನ್ನು ಮೊದಲೇ ನಿಧಾನಕ್ಕೆ ಚಾರ್ಜ್ ಮಾಡುವ ಬಿಡಿಭಾಗ) ಹಾಕುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಕಂಟ್ರೋಲರ್‌ನ ಕೆಪ್ಯಾಸಿಟರ್ ತುಂಬುವಾಗ ಹಾರುವ ಕಿಡಿಗೆ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತೆ. ಸೀರೀಸ್ ಮೋಟಾರ್ ಇದ್ದರೆ ಜಾಕ್ ಮೇಲೆ ಚಕ್ರ ಎತ್ತಿ ಫುಲ್ ಆಕ್ಸಿಲರೇಟರ್ ಒತ್ತಿ ಪರೀಕ್ಷಿಸಬೇಡಿ. ಲೋಡ್ ಇಲ್ಲದೆ ಅದು ಹದ್ದು ಮೀರಿ ತಿರುಗಿ ಹಾಳಾಗುತ್ತೆ.

ವೋಲ್ಟ್ ಮೂರರಲ್ಲಿ ಒಂದು ಪಾಲು ಏರಿದರೆ ಸ್ಪೀಡೂ ಹೆಚ್ಚುಕಡಿಮೆ ಅಷ್ಟೇ ಏರುತ್ತೆ. ಇಂಥ ಬಹುತೇಕ ಗಾಡಿಗಳಿಗೆ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಗೆಸ್ಟ್‌ಗಳನ್ನು ಕೂರಿಸಿ ಅದೇ ಏರನ್ನು ಇಳಿಯಬೇಕಲ್ವಾ? ನಿಮಗೆ ಬೇಕಿರುವುದು ವೇಗ ಅಲ್ಲ, ಎಳೆಯುವ ಶಕ್ತಿ. ಅದು ಬರುವುದು ಆಂಪಿಯರ್‌ನಿಂದ. ಹಾಗಾಗಿ ನಾನಾದರೆ 36ರಲ್ಲೇ ಇದ್ದು ಜಾಸ್ತಿ ಆಂಪಿಯರ್ ಕೊಡುವ ಕಂಟ್ರೋಲರ್ ಹಾಕುತ್ತೇನೆ. ಬಜೆಟ್ ಇದ್ದರೆ 12 ಸೆಲ್‌ಗಳ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್, 38.4 ವೋಲ್ಟಿನದು. ಸೀಸದ ಬ್ಯಾಟರಿ ಒಂದೊಂದು ಸುಮಾರು 28 ಕೆಜಿ ಇರುವುದರಿಂದ ಗಾಡಿಯ ತೂಕವೇ ಒಂದು ಕ್ವಿಂಟಲ್‌ನಷ್ಟು ಇಳಿಯುತ್ತೆ. ಅದರ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಮಾತ್ರ ಕಂಟ್ರೋಲರ್ ಎಳೆಯುವಷ್ಟು ಆಂಪಿಯರ್ ಬಿಡುವಂಥದ್ದಾಗಿರಲಿ, ಹಳೇ ಚಾರ್ಜರ್ ಅದಕ್ಕೆ ಹಚ್ಚಬೇಡಿ.

ಮೊದಲು ಕೇಬಲ್, ಸೊಲೆನಾಯ್ಡ್ ಮುಗಿಸಿ ಅದೇ ಲಗೇಜ್ ಹೇರಿ ಒಮ್ಮೆ ಹತ್ತಿಸಿ ನೋಡಿ. ಆಗಲೂ ಆಗದಿದ್ದರೆ ಮೋಟಾರ್ ಪ್ಲೇಟ್ ಮತ್ತು ಕಂಟ್ರೋಲರ್‌ನ ಫೋಟೋ ಕಳಿಸಿ.