ಶಾಲೆ ವಿಜಯಪುರದಲ್ಲಿ, ಹಳೆಯ ಕ್ಯಾಡೆಟ್‌ಗಳು ಕಲಬುರಗಿಯಲ್ಲಿ: ನೆರವಿನ ಲೆಕ್ಕ ಜಟಿಲವಾದದ್ದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಸೈನಿಕ ಶಾಲೆ ಹಳೆಯ ವಿದ್ಯಾರ್ಥಿಗಳು ಮದುವೆ ಮನೆಯಲ್ಲಿ ಸಿಗಲಿ, ರೈಲ್ವೆ ಸ್ಟೇಷನ್ನಿನಲ್ಲಿ ಸಿಗಲಿ, ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ. ಶಾಲೆಗೆ ಏನಾದರೂ ಮಾಡಬೇಕು. ಇದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಏನು ಮಾಡಬೇಕು? ದುಡ್ಡು ಯಾರ ಖಾತೆಗೆ ಹೋಗಬೇಕು? ವಿಜಯಪುರದ ಕ್ಯಾಂಪಸ್ಸಿಗೆ ಕೊಡುವುದೋ, ನಮ್ಮ ಕಡೆಯ ಮಕ್ಕಳು ಆ ಕ್ಯಾಂಪಸ್ ಮುಟ್ಟುವ ಹಾಗೆ ಮಾಡಲು ಖರ್ಚು ಮಾಡುವುದೋ? ಇಲ್ಲಿ ಹತ್ತು ಜನರಿಂದ ಹತ್ತು ಉತ್ತರ ಬರುತ್ತವೆ. ಹೊರಗಿನವರಿಗಂತೂ ಸಂಘ, ಟ್ರಸ್ಟ್, ಸೊಸೈಟಿ, ಬ್ಯಾಚ್ ಫಂಡ್ ಎಂಬ ಹೆಸರುಗಳಲ್ಲಿ ಯಾವುದು ಏನು ಮಾಡುತ್ತದೆ ಎಂದು ತಿಳಿಯುವುದೇ ಇಲ್ಲ. ಹಾಗಾಗಿ ಮೊದಲಿಂದ ನೋಡಿಕೊಂಡು ಬರೋಣ.

ಸೈನಿಕ ಶಾಲೆ ಸೇರಿದ ಕೂಡಲೇ ಸೇನೆ ಸೇರಿದ ಹಾಗಲ್ಲ. ಅಲ್ಲಿ ಓದುವುದು 6ರಿಂದ 12ನೇ ತರಗತಿ. ಆಮೇಲೆ ಯುಪಿಎಸ್‌ಸಿ ಪರೀಕ್ಷೆ ಬರೆದು, ಸೇನಾ ಅಧಿಕಾರಿಗಳನ್ನು ಆರಿಸುವ ಮಂಡಳಿಯ (ಎಸ್‌ಎಸ್‌ಬಿ) ಐದು ದಿನಗಳ ಸಂದರ್ಶನ ದಾಟಿ, ವೈದ್ಯಕೀಯ ತಪಾಸಣೆಯಲ್ಲೂ ಪಾಸಾದರೆ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ. ಅಲ್ಲಿ ಮೂರು ವರ್ಷ. ನಂತರ ಡೆಹ್ರಾಡೂನ್‌ನಂಥ ಕಡೆ ಇನ್ನಷ್ಟು ತರಬೇತಿ. ಅಷ್ಟೆಲ್ಲ ಆದ ಮೇಲೆ ಹೆಗಲ ಮೇಲೆ ನಕ್ಷತ್ರ.

ಬ್ರಿಟಿಷರ ಕಾಲದಲ್ಲಿ ಮಿಲಿಟರಿ ಶಾಲೆಗಳು ಸೈನಿಕರ ಮಕ್ಕಳಿಗಾಗಿ ಇದ್ದವು. ಬೆಳಗಾವಿಯಲ್ಲಿ 1945ರಲ್ಲಿ, ಬೆಂಗಳೂರಿನಲ್ಲಿ 1946ರಲ್ಲಿ ಶುರುವಾದ ಕಿಂಗ್ ಜಾರ್ಜ್ ಶಾಲೆಗಳು ಈಗ ರಾಷ್ಟ್ರೀಯ ಮಿಲಿಟರಿ ಶಾಲೆಗಳು. ಅವುಗಳಿಂದ ನಮ್ಮ ಮೂರು ಜಿಲ್ಲೆಗೆ ಹೆಚ್ಚು ಲಾಭ ಆಗಲಿಲ್ಲ. ಕಾರಣ ಸರಳ. ಬೀದರ್, ಗುಲ್ಬರ್ಗ ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. ಬ್ರಿಟಿಷ್ ಇಂಡಿಯಾದ ಸೇನೆಗೆ ಇಲ್ಲಿಂದ ಹೋದವರು ಕಡಿಮೆ. ಆ ಸೇನೆಯಲ್ಲಿ 19ನೇ ಹೈದರಾಬಾದ್ ರೆಜಿಮೆಂಟ್ ಅಂತ ಇತ್ತು ನಿಜ, ಕೊಡಗಿನ ಜನರಲ್ ತಿಮ್ಮಯ್ಯನವರು ಅದರಲ್ಲೇ ಇದ್ದವರು. ಆದರೆ ಅದರ ಸೈನಿಕರು ಬಹುಪಾಲು ಉತ್ತರದ ಕಡೆಯವರು. 1945ರಲ್ಲಿ ಅದರ ಹೆಸರೇ ಕುಮಾಊಂ ರೆಜಿಮೆಂಟ್ ಎಂದಾಯಿತು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ಪಡೆ. ಕೊಡಗಿಗೋ ಬೆಳಗಾವಿಗೋ ಇದ್ದ ಸೇನೆಯ ನಂಟು ನಮಗೆ ಇರಲಿಲ್ಲ. ಮನೆಯಲ್ಲಿ ಅಜ್ಜನೋ ಕಾಕಾನೋ ಫೌಜಿಯಲ್ಲಿ ಇದ್ದರೆ ಹುಡುಗನಿಗೆ ದಾರಿ ಗೊತ್ತಾಗುತ್ತದೆ. ಇಲ್ಲಿ ಅಂಥ ಮನೆಗಳು ಬೆರಳೆಣಿಕೆಯಷ್ಟು.

1961ರಲ್ಲಿ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಕಾಲದಲ್ಲಿ ಸೈನಿಕ ಶಾಲೆಗಳು ಬಂದವು. ಮೊದಲನೆಯದು ಸಾತಾರಾ. ಗುರಿ ಸ್ಪಷ್ಟವಾಗಿತ್ತು. ಸೇನೆಯ ಅಧಿಕಾರಿಗಳು ಕೆಲವೇ ಪ್ರದೇಶಗಳಿಂದ, ಕೆಲವೇ ವರ್ಗಗಳಿಂದ ಬರುತ್ತಿದ್ದರು. ಆ ಅಸಮತೋಲನ ಹೋಗಬೇಕು, ಸಾಮಾನ್ಯರ ಮಕ್ಕಳಿಗೂ ಒಳ್ಳೆಯ ಬೋರ್ಡಿಂಗ್ ಶಾಲೆ ಸಿಗಬೇಕು. ಕರ್ನಾಟಕದ ಪಾಲಿನ ಶಾಲೆ 1963ರಲ್ಲಿ ಆಗಿನ ಬಿಜಾಪುರದಲ್ಲಿ ತೆರೆಯಿತು. ಚೀನಾ ಯುದ್ಧ ಮುಗಿದು ವರ್ಷವೂ ಆಗಿರಲಿಲ್ಲ. ಎರಡನೆಯದಕ್ಕೆ ರಾಜ್ಯ 2007ರವರೆಗೆ ಕಾಯಬೇಕಾಯಿತು, ಅದು ಬಂದದ್ದು ಕೊಡಗಿನ ಕೂಡಿಗೆಗೆ. ಬೀದರ್‌ನಿಂದ ನೋಡಿದರೆ ಅದು ರಾಜ್ಯದ ಇನ್ನೊಂದು ತುದಿ. ಹಾಗಾಗಿ ನಮ್ಮ ಮಟ್ಟಿಗೆ ಸೈನಿಕ ಶಾಲೆ ಎಂದರೆ ವಿಜಯಪುರವೇ.

ಅಲ್ಲಿ ಓದಿದವರು ತಮ್ಮನ್ನು 'ಅಜೀತ್' ಎಂದು ಕರೆದುಕೊಳ್ಳುತ್ತಾರೆ. 'ಅಜೀತ್ ಹೈ, ಅಭೀತ್ ಹೈ' ಎಂಬ ಧ್ಯೇಯವಾಕ್ಯದಿಂದ ಬಂದ ಹೆಸರು. ಚಾಲುಕ್ಯ, ಹೊಯ್ಸಳ, ರಾಷ್ಟ್ರಕೂಟ, ವಿಜಯನಗರ, ಆದಿಲ್ ಶಾಹಿ, ಒಡೆಯರ್ ಎಂದು ಹೌಸ್‌ಗಳು. ಇಬ್ಬರು ಅಜೀತರು ಮೊದಲ ಸಲ ಸಿಕ್ಕರೆ ಕೇಳುವುದು ಹೆಸರಲ್ಲ, ರೋಲ್ ನಂಬರ್ ಮತ್ತು ಹೌಸ್. ನಂಬರ್ ಹೇಳಿದ ಕೂಡಲೇ ಯಾರು ಸೀನಿಯರ್ ಎಂದು ಗೊತ್ತಾಗುತ್ತದೆ. ಆಮೇಲಿನ ಮಾತೆಲ್ಲ 'ಸರ್' ಎಂದೇ. ಅವರು ಬ್ಯಾಂಕಿನ ಗುಮಾಸ್ತರಾಗಿರಲಿ, ಸೇನೆಯ ಉಪ ಮುಖ್ಯಸ್ಥರಾಗಿರಲಿ. ಆ ಹುದ್ದೆಗೂ ಒಬ್ಬ ಅಜೀತ್ ಏರಿದ್ದಾರೆ: 2022ರಲ್ಲಿ ಲೆಫ್ಟಿನೆಂಟ್ ಜನರಲ್ ಬಿ.ಎಸ್. ರಾಜು.

ನಾನೂ ಅಲ್ಲಿ ಓದಿದವನು. ಎನ್‌ಡಿಎ ಆಗಲಿಲ್ಲ, ಊರಲ್ಲೇ ಉಳಿದೆ. ಫೋನ್ ಕೈಗೆ ಬರುವ ಮೊದಲಿನ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಈಗಿನ ಗೊಂದಲದ ಬೇರು ಅಲ್ಲೇ ಇದೆ ಅನ್ನಿಸುವುದರಿಂದ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಆಗ ಗುಲ್ಬರ್ಗದಿಂದ ಬಿಜಾಪುರಕ್ಕೆ ರೈಲಿನಲ್ಲಿ ಹೋಗಬೇಕೆಂದರೆ ಸೊಲ್ಲಾಪುರದ ದಿಕ್ಕಿಗೆ ಹೋಗಿ ಹೋಟಗಿಯಲ್ಲಿ ಇಳಿಯಬೇಕು. ಅಲ್ಲಿ ಟ್ರಂಕು, ಹಾಸಿಗೆ ಎತ್ತಿಕೊಂಡು ಮೀಟರ್ ಗೇಜ್ ಗಾಡಿ ಹತ್ತಬೇಕು. ಇಲ್ಲದಿದ್ದರೆ ಜೇವರ್ಗಿ, ಸಿಂದಗಿ ಮೇಲೆ ಬಸ್ಸು. ಬೀದರ್‌ನ ಹುಡುಗರಿಗೆ ಗುಲ್ಬರ್ಗಕ್ಕೆ ನೇರ ರೈಲೇ ಇರಲಿಲ್ಲ, ಆ ಮಾರ್ಗ ಪೂರ್ತಿ ಆದದ್ದು 2017ರಲ್ಲಿ. ರಜೆ ಮುಗಿಸಿ ಹೊರಟರೆ ದೊಡ್ಡ ಹುಡುಗರು ಸಣ್ಣವರನ್ನು ಕರೆದುಕೊಂಡು ಹೋಗುವುದು ರೂಢಿ. ಶಹಾಪುರದವನು, ಆಳಂದದವನು, ಹುಮನಾಬಾದಿನವನು ಎಂದು ಎಲ್ಲರ ಮನೆಯವರೂ ಎಲ್ಲರಿಗೂ ಗೊತ್ತು. ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಹೋಟಗಿ ಬರುವುದರೊಳಗೆ ಖಾಲಿ. ಈ ಭಾಗದ ಹಳೆಯ ವಿದ್ಯಾರ್ಥಿಗಳ ನಂಟು ಶುರುವಾದದ್ದು ಯಾವ ಸಂಘದಿಂದಲೂ ಅಲ್ಲ, ಆ ರೈಲಿನಿಂದ.

ಶಾಲೆ ಬಿಟ್ಟ ಮೇಲೆ ದಾರಿಗಳು ಬೇರೆಯಾದವು. ಎನ್‌ಡಿಎಗೆ ಹೋದವರಿಗೆ ಕಾಗದ ಬರೆಯುವುದು ಸುಲಭವಿತ್ತು. ಯೂನಿಟ್ ಹೆಸರು ಬರೆದು '56 ಎಪಿಒ' ಅಥವಾ '99 ಎಪಿಒ' ಎಂದು ಸೇನೆಯ ಅಂಚೆ ವಿಳಾಸ ಹಾಕಿದರೆ ಸಾಕು, ಅವರು ಸಿಯಾಚಿನ್‌ನಲ್ಲಿರಲಿ, ನಾಗಾಲ್ಯಾಂಡಿನಲ್ಲಿರಲಿ, ಮುಟ್ಟುತ್ತಿತ್ತು. ಅವರು ರಜೆಗೆ ಊರಿಗೆ ಬಂದರೆ ಸುದ್ದಿ ಹರಡುತ್ತಿತ್ತು, ಸೇರುತ್ತಿದ್ದೆವು. ಸಮಸ್ಯೆ ಇದ್ದದ್ದು ಇಲ್ಲೇ ಉಳಿದವರದ್ದು. ಕಣ್ಣಿನ ತಪಾಸಣೆಯಲ್ಲಿ ಹೋದವರು, ಎಸ್‌ಎಸ್‌ಬಿಯಲ್ಲಿ ವಾಪಸ್ ಬಂದವರು, ಲಿಖಿತ ಪರೀಕ್ಷೆಯೇ ಆಗದವರು. ಪ್ರತಿ ಬ್ಯಾಚಿನಲ್ಲೂ ಇವರೇ ಹೆಚ್ಚು. ಎಂಜಿನಿಯರ್, ಮಾಸ್ತರ, ವಕೀಲ, ಡಾಕ್ಟರ್, ಒಕ್ಕಲುತನ ಮಾಡುವವ ಹೀಗೆ ಎಲ್ಲಾ ಕಡೆ ಇದ್ದಾರೆ. ಆದರೆ ಕೂಟಗಳಿಗೆ ಬರಲು ಹಿಂಜರಿಯುತ್ತಿದ್ದರು.

ಇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಸೈನಿಕ ಶಾಲೆಗಳನ್ನು ಅಳೆಯುವ ಅಳತೆಗೋಲೇ ಎನ್‌ಡಿಎ. ಅತಿ ಹೆಚ್ಚು ಕ್ಯಾಡೆಟ್‌ಗಳನ್ನು ಕಳಿಸಿದ ಶಾಲೆಗೆ ರಕ್ಷಾ ಮಂತ್ರಿ ಟ್ರೋಫಿ ಕೊಡುತ್ತಾರೆ. ಗೌರವದ ಬೋರ್ಡಿನ ಮೇಲೆ ಅವರ ಹೆಸರು ಬರುತ್ತದೆ. ಅದು ಬರಲೇಬೇಕು, ಅವರಲ್ಲಿ ಪ್ರಾಣ ಕೊಟ್ಟವರೂ ಇದ್ದಾರೆ. ಆದರೆ ಹದಿನೇಳು ವರ್ಷದ ಹುಡುಗ ಆ ಬೋರ್ಡು ನೋಡಿಕೊಂಡೇ ಶಾಲೆ ಬಿಟ್ಟು ಬಂದಿರುತ್ತಾನೆ. ತಾನು ಶಾಲೆಗೆ ಏನೂ ಅಲ್ಲ ಎಂಬ ಭಾವನೆ ಅವನಿಗೆ ಎಷ್ಟೋ ವರ್ಷ ಹೋಗುವುದಿಲ್ಲ. ಹೀಗಾಗಿ ವಿಚಿತ್ರ ಪರಿಸ್ಥಿತಿ. ಸಂಘದಲ್ಲಿ ಉತ್ಸಾಹದಿಂದ ಇದ್ದವರು ದೇಶದ ಮೂಲೆಮೂಲೆಯಲ್ಲಿದ್ದರು, ಜಿಲ್ಲೆಯಲ್ಲೇ ಇದ್ದು ಕೆಲಸ ಮಾಡಬಲ್ಲವರು ಸಂಘದಿಂದ ದೂರ ಇದ್ದರು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ಇದು ಸ್ವಲ್ಪ ಸಡಿಲವಾಯಿತು. ಎಸ್‌ಟಿಡಿ ಬೂತಿನಿಂದ ಒಬ್ಬರಿಗೊಬ್ಬರು ಫೋನ್ ಮಾಡಿ, ಯಾರು ಎಲ್ಲಿದ್ದಾರೆ, ಮನೆಯವರು ಹೇಗಿದ್ದಾರೆ ಎಂದು ವಿಚಾರಿಸಿದೆವು. ವರ್ಷಗಟ್ಟಲೆ ಮಾತಾಡದವರೂ ಮಾತಾಡಿದರು.

ವಾಟ್ಸಾಪ್ ಬಂದ ಮೇಲೆ ಹುಡುಕುವ ಕಷ್ಟ ತಪ್ಪಿತು, ಬೇರೆ ಕಷ್ಟ ಶುರುವಾಯಿತು. ಗುಂಪುಗಳು ಆದದ್ದು ಬ್ಯಾಚ್ ಪ್ರಕಾರ. 25 ವರ್ಷ ಆದಾಗ ಬ್ಯಾಚ್ ಸೇರುತ್ತದೆ, ಕುಟುಂಬ ಸಮೇತ ಶಾಲೆಗೆ ಹೋಗುತ್ತದೆ, ನೆನಪಿಗೆ ಏನಾದರೂ ಕೊಡುತ್ತದೆ. ಕೊಡುವುದು ಸಹಜವಾಗಿಯೇ ಕಣ್ಣಿಗೆ ಕಾಣುವ ವಸ್ತು. ಅದರಲ್ಲಿ ತಪ್ಪಿಲ್ಲ. ಆದರೆ ಪ್ರತಿ ಬ್ಯಾಚೂ ತನ್ನದೇ ಯೋಚನೆ ಮಾಡಿದರೆ ಶಾಲೆಗೆ ಈ ವರ್ಷ ನಿಜವಾಗಿ ಏನು ಬೇಕು ಎಂದು ಕೇಳುವವರು ಯಾರು?

ಶಾಲೆಯ ರಚನೆಯೂ ಸರಳವಲ್ಲ. ನಡೆಸುವುದು ರಕ್ಷಣಾ ಸಚಿವಾಲಯದ ಅಡಿಯ ಸೈನಿಕ ಶಾಲೆಗಳ ಸೊಸೈಟಿ. ಪ್ರಾಂಶುಪಾಲರು ಸೇನೆ, ನೌಕಾಪಡೆ ಅಥವಾ ವಾಯುಪಡೆಯ ಅಧಿಕಾರಿ. ಜಾಗ, ಕಟ್ಟಡ, ವಿದ್ಯಾರ್ಥಿವೇತನದ ದೊಡ್ಡ ಪಾಲು ರಾಜ್ಯದ ಹೊಣೆ. ಸ್ಥಳೀಯ ಆಡಳಿತ ಮಂಡಳಿ ಬೇರೆ ಇದೆ. ಕೇಂದ್ರ, ರಾಜ್ಯ ಎರಡೂ ಕೈ ಹಾಕಿರುವ ಕಡೆ ಒಂದು ತಡವಾದರೆ ಇನ್ನೊಂದು ಕಾಯುತ್ತದೆ, ಭಾರ ಶುಲ್ಕದ ಮೇಲೆ ಬೀಳುತ್ತದೆ. ಈಗ ವರ್ಷದ ಶುಲ್ಕ ಲಕ್ಷ ರೂಪಾಯಿ ದಾಟಿದೆ. ಆದಾಯ ಕಡಿಮೆ ಇರುವವರಿಗೆ ವಿದ್ಯಾರ್ಥಿವೇತನ ಇದೆ, ಆದರೆ ಸೇರುವಾಗಲೇ ಕೈಯಿಂದ ಹಾಕಬೇಕಾದ ದುಡ್ಡು ಕೇಳಿ ಹೆದರಿ ಹಿಂದೆ ಸರಿಯುವ ಮನೆಗಳಿವೆ.

ದಾನದ ಕಾನೂನೂ ಬಿಗಿಯಾಯಿತು. ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿ ಮೊದಲು ಒಮ್ಮೆ ಸಿಕ್ಕರೆ ಮುಗಿಯುತ್ತಿತ್ತು. 2021ರಿಂದ ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ವಿದೇಶದಲ್ಲಿರುವ ಗೆಳೆಯರ ಕಥೆ ಇನ್ನೊಂದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅಡ್ಡಿಯಿಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡವರು ಕೊಟ್ಟರೆ ಅದು ವಿದೇಶಿ ದೇಣಿಗೆ, ವಿದೇಶಿ ದೇಣಿಗೆ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವ ಹಾಗಿಲ್ಲ. 2020ರ ತಿದ್ದುಪಡಿ ಬಂದ ಮೇಲೆ, ನೋಂದಣಿ ಇರುವ ಸಂಸ್ಥೆಯೂ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಒಂದೇ ಬೆಂಚಿನಲ್ಲಿ ಕೂತು ಓದಿದ ಇಬ್ಬರಲ್ಲಿ ಒಬ್ಬನ ದುಡ್ಡು ನಡೆಯುತ್ತದೆ, ಇನ್ನೊಬ್ಬನದು ನಡೆಯುವುದಿಲ್ಲ. ಸಣ್ಣ ಊರಿನ ಗುಂಪುಗಳು ಇದನ್ನೆಲ್ಲ ನೋಡಿ, ನೋಂದಣಿಯ ಗೋಜೇ ಬೇಡ ಎಂದು ಕೈಲಾದದ್ದನ್ನು ನೇರವಾಗಿ ಮಾಡುತ್ತವೆ. ಅದು ಒಳ್ಳೆಯದೇ, ಆದರೆ ಲೆಕ್ಕ ಯಾರಿಗೂ ಕಾಣುವುದಿಲ್ಲ, ಮುಂದಿನವರಿಗೆ ಉಳಿಯುವುದೂ ಇಲ್ಲ.

ಇನ್ನು ನಮ್ಮ ಭಾಗದ ಪಾಲಿನ ಪ್ರಶ್ನೆ. ಶಾಲೆಯ ಶೇ 67 ಸೀಟು ಆ ರಾಜ್ಯದ ಮಕ್ಕಳಿಗೆ, ಶೇ 33 ಹೊರಗಿನವರಿಗೆ. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡ, 2021-22ರಿಂದ ಹಿಂದುಳಿದ ವರ್ಗ, ಜೊತೆಗೆ ಸೈನಿಕರ ಮಕ್ಕಳ ಮೀಸಲಾತಿ. ಜಿಲ್ಲೆಯ ಪಾಲು ಎಂಬುದು ಇಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಅನೇಕರು ಇಲ್ಲೂ ನಮಗೆ ಸೀಟು ಇರುತ್ತದೆ ಅಂದುಕೊಂಡಿದ್ದಾರೆ. ಇಲ್ಲ. ಇದು ಕೇಂದ್ರದ ಸೊಸೈಟಿಯ ಶಾಲೆ, ವಿಜಯಪುರವೂ ಕಲ್ಯಾಣ ಕರ್ನಾಟಕಕ್ಕೆ ಸೇರಿಲ್ಲ. ನವೋದಯ ಹಾಗಲ್ಲ. ಜಿಲ್ಲೆಗೊಂದು ಶಾಲೆ, ಶೇ 75 ಸೀಟು ಹಳ್ಳಿ ಮಕ್ಕಳಿಗೆ. ಯಾದಗಿರಿಯ ಹಳ್ಳಿಯ ಹುಡುಗ ನವೋದಯದಲ್ಲಿ ತನ್ನ ಜಿಲ್ಲೆಯ ಮಕ್ಕಳ ಜೊತೆ ಸ್ಪರ್ಧಿಸುತ್ತಾನೆ. ಸೈನಿಕ ಶಾಲೆಗೆ ಇಡೀ ರಾಜ್ಯದ ಮಕ್ಕಳ ಜೊತೆ, ತಿಂಗಳುಗಟ್ಟಲೆ ಕೋಚಿಂಗ್ ಪಡೆದವರ ಜೊತೆ ಸ್ಪರ್ಧಿಸಬೇಕು. ಪ್ರದೇಶಗಳ ನಡುವಿನ ಅಸಮತೋಲನ ಹೋಗಲಿ ಎಂದೇ ಶುರುವಾದ ಶಾಲೆ, ಒಂದು ರಾಜ್ಯದೊಳಗಿನ ಅಸಮತೋಲನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ಖಾಸಗಿ, ಸ್ವಯಂಸೇವಾ ಸಂಸ್ಥೆ ಮತ್ತು ರಾಜ್ಯಗಳ ಜೊತೆ ಸೇರಿ 100 ಹೊಸ ಸೈನಿಕ ಶಾಲೆಗಳಿಗೆ ಒಪ್ಪಿಗೆ ಕೊಟ್ಟ ಮೇಲೆ ಚರ್ಚೆ ಇನ್ನೊಂದು ಕಡೆ ತಿರುಗಿತು. ಹೊಸ ಮಾದರಿಯಲ್ಲಿ ಶೇ 40 ಸೀಟು ಅದೇ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ಹೋಗಬಹುದು. ನಮ್ಮ ಕಡೆಯ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹೊಸ ಶಾಲೆಗೆ ದುಡಿಯೋಣ ಅನ್ನುತ್ತಾರೆ. ಇನ್ನು ಕೆಲವರಿಗೆ ಹಳೆಯ ಶಾಲೆಯ ಋಣವೇ ಮೊದಲು. ನನಗೆ ಎರಡಕ್ಕಿಂತ ಮೊದಲು ಕಾಣುವುದು ಐದನೇ ತರಗತಿಯ ಗಣಿತ.

ಯಾಕೆಂದರೆ ಆರನೇ ತರಗತಿ ಪ್ರವೇಶ ಪರೀಕ್ಷೆಯ 300 ಅಂಕದಲ್ಲಿ ಗಣಿತಕ್ಕೇ 150. ಭಾಷೆ, ಸಾಮಾನ್ಯ ಜ್ಞಾನ, ಬುದ್ಧಿಶಕ್ತಿ ಪ್ರಶ್ನೆಗಳಿಗೆ ತಲಾ 50. ಈ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಇದು ಸೇಡಂ, ಔರಾದ್, ಸುರಪುರದ ಸರ್ಕಾರಿ ಶಾಲೆಗಳ ಎಷ್ಟೋ ಪಾಲಕರಿಗೆ ಗೊತ್ತೇ ಇಲ್ಲ. ಒಂಬತ್ತನೇ ತರಗತಿಗೆ ಇಂಗ್ಲಿಷ್‌ನಲ್ಲೇ ಬರೆಯಬೇಕು. ಹಾಗಾಗಿ ಕನ್ನಡ ಮಾಧ್ಯಮದ ಮಗುವಿಗೆ ನಿಜವಾದ ಬಾಗಿಲು ಆರನೇ ತರಗತಿ. ಆ ವಯಸ್ಸು ದಾಟಿದರೆ ಮುಗಿಯಿತು. ಬೀದರ್‌ನ ಮಕ್ಕಳು ವಾಯುಪಡೆಯ ಸೂರ್ಯಕಿರಣ್ ತಂಡದ ವಿಮಾನಗಳನ್ನು ತಲೆಯ ಮೇಲೆ ನೋಡಿಕೊಂಡೇ ಬೆಳೆಯುತ್ತಾರೆ. 1996ರಲ್ಲಿ ಆ ತಂಡ ಕಟ್ಟಿದ್ದೇ ಅಲ್ಲಿ. ಆಸೆಗೆ ಕೊರತೆಯಿಲ್ಲ. ಅರ್ಜಿ ಯಾವಾಗ ಹಾಕಬೇಕು, ಆದಾಯ ಮತ್ತು ಜಾತಿ ಪ್ರಮಾಣಪತ್ರ ಯಾವುದು ಬೇಕು, ಭಿನ್ನರಾಶಿ ಹೇಗೆ ಬಿಡಿಸಬೇಕು ಎಂದು ಕೂತು ಹೇಳುವವರು ಬೇಕು. ಇದಕ್ಕೆ 80ಜಿ ಬೇಡ, ಎಫ್‌ಸಿಆರ್‌ಎ ಬೇಡ. ಭಾನುವಾರ ಎರಡು ತಾಸು ಬೇಕು, ಜಿಲ್ಲೆಯಲ್ಲೇ ಇರುವ ಮನುಷ್ಯ ಬೇಕು. ಅಂದರೆ ಕೂಟಕ್ಕೆ ಬರಲು ಹಿಂಜರಿದ ಅದೇ ಎಂಜಿನಿಯರ್, ಅದೇ ಮಾಸ್ತರ. ನಿವೃತ್ತ ಅಧಿಕಾರಿಗಳು ಎಸ್‌ಎಸ್‌ಬಿಗೆ ಹೋಗುವ 12ನೇ ತರಗತಿಯ ಮಕ್ಕಳನ್ನು ನೋಡಿಕೊಳ್ಳಲಿ, ಅದು ಅವರಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ಹತ್ತು ವರ್ಷದ ಮಕ್ಕಳನ್ನು ಊರಲ್ಲಿ ಉಳಿದವರು ನೋಡಿಕೊಳ್ಳಬೇಕು.

ಈಗ ಇದರಲ್ಲಿ ಹುಡುಗಿಯರೂ ಇದ್ದಾರೆ. 2021-22ರಿಂದ ದೇಶದ ಎಲ್ಲಾ ಸೈನಿಕ ಶಾಲೆಗಳಲ್ಲಿ ಆರನೇ ತರಗತಿಗೆ ಅವರಿಗೆ ಪ್ರವೇಶವಿದೆ, ಶೇ 10 ಸೀಟು ಅಥವಾ ಕನಿಷ್ಠ 10 ಸೀಟು. ಎನ್‌ಡಿಎ ಕೂಡ 2022ರಲ್ಲಿ ಬಾಗಿಲು ತೆರೆಯಿತು. 2021-22ರಲ್ಲಿ ಆರನೇ ತರಗತಿಗೆ ಸೇರಿದ ಹುಡುಗಿಯರು 2028ರಲ್ಲಿ ಶಾಲೆ ಮುಗಿಸುತ್ತಾರೆ. ನಮ್ಮ ಬ್ಯಾಚ್ ಪಟ್ಟಿಗಳು, ಜಿಲ್ಲಾ ಗುಂಪುಗಳು ಅಷ್ಟರೊಳಗೆ ಅವರಿಗಾಗಿ ತಯಾರಾಗಬೇಕು. ಅದಕ್ಕಿಂತ ಮೊದಲು ಮುಂದಿನ ಅರ್ಜಿ ಕರೆಯುವ ಹೊತ್ತಿಗೆ ಮೂರೂ ಜಿಲ್ಲೆಗಳ ತಾಲ್ಲೂಕುಗಳಲ್ಲಿ ಗಣಿತ ಹೇಳಿಕೊಡಬಲ್ಲ ಒಬ್ಬೊಬ್ಬ ಅಜೀತ್ ಸಿಗಬೇಕು. ಆ ಪಟ್ಟಿ ಮಾಡಲು ಕೂತಿದ್ದೇವೆ. ರೋಲ್ ನಂಬರ್ ಇದ್ದರೆ ಸಾಕು, ಎನ್‌ಡಿಎ ಆಯಿತಾ ಇಲ್ಲವಾ ಎಂದು ಯಾರೂ ಕೇಳುವುದಿಲ್ಲ.